ಎಂಟರ ಕಟ್ಟಿನ ಮಾವ

ನಮ್ಮ ಸೋದರಮಾವನಿಗೆ ಎಣಿಸಲು ಬರುವುದಿಲ್ಲ! ಕೇಂದ್ರ ಸರ್ಕಾರದ ಕಚೇರಿಯಲ್ಲಿ ಜೀವಮಾನವಿಡೀ ಅಂಕಿಗಳ ನಡುವೆಯೇ ಕೂತು ನಿವೃತ್ತರಾದ ಮನುಷ್ಯ, ನಿಜ. ಆದರೂ ಹೇಳುತ್ತೇನೆ, ಬರುವುದಿಲ್ಲ. ಬರುವ ಹಾಗಿದ್ದರೆ ಏಳಾದ ಮೇಲೆ ಹತ್ತು ಅನ್ನುತ್ತಿದ್ದರೇ?

“ಹೆಬ್ಬೆರಳು ಇರೋದು ಎಣಿಸೋದಕ್ಕೆ ಕಣೇ, ಎಣಿಸಿಕೊಳ್ಳೋದಕ್ಕಲ್ಲ. ಉಳಿಯೋದು ಎಂಟೇ ಬೆರಳು. ಎಂಟು ಕಡ್ಡಿಗೆ ಒಂದು ಕಟ್ಟು, ಎಂಟು ಕಟ್ಟಿಗೆ ಒಂದು ಹೊರೆ. ನಿಮ್ಮತ್ತೆಗೆ ಎಪ್ಪತ್ಮೂರು ಅಂತೀರಲ್ಲ? ಒಂದು ಹೊರೆ, ಒಂದು ಕಟ್ಟು, ಒಂದು ಕಡ್ಡಿ. ನೂರಾ ಹನ್ನೊಂದು! ಹಿಂದಿನಿಂದ ಓದಿದ್ರೂ ಅಷ್ಟೇ. ಎಂಥಾ ಲಕ್ಷಣವಾದ ಸಂಖ್ಯೆ!”

“ಬದುಕಿರುವಾಗ್ಲೇ ನನ್ನ ಶತಮಾನೋತ್ಸವ ಮಾಡ್ಬೇಡಿ!” ಎಂದು ಅತ್ತೆ ಅಡುಗೆಮನೆಯಿಂದಲೇ ರೇಗಿದರು.

ರೇಗಿದ್ದರಲ್ಲಿ ಭಯವೂ ಇತ್ತು. ಅತ್ತೆಯ ಹೃದಯದ ಕವಾಟ ಕೆಟ್ಟು, ಫರೀದಾಬಾದಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ನಿಶ್ಚಯವಾಗಿತ್ತು. “ಈ ವಯಸ್ಸಲ್ಲಿ ಎದೆ ಕೊಯ್ಸ್ಕೊಂಡು ಎದ್ದು ಬರ್ತೀನೇನೇ?” ಎಂದು ನನ್ನನ್ನು ಕೇಳುತ್ತಿದ್ದರು. ಗಂಡನನ್ನು ಕೇಳಿದರೆ ಕಟ್ಟು, ಹೊರೆ ಶುರುವಾಗುತ್ತಿತ್ತಲ್ಲ!

ಸಾಲದ್ದಕ್ಕೆ ಮಾವ ಜನಕಪುರಿಯ ಮನೆಯ ಗೇಟಿಗೆ ಹೊಸ ನಂಬರು ಬರೆಸಿದರು. ಮನೆ ನೂರಿಪ್ಪತ್ತೊಂದು. ಅದಕ್ಕೆ ಎಂಟರದ್ದಲ್ಲ, ಮೂರರ ಕಟ್ಟಿನಲ್ಲೇ ಕಳೆ ಹೆಚ್ಚಂತೆ, ಸಾಲಾಗಿ ಐದು ಒಂದುಗಳು: 11111! ಔಷಧಿ ತಂದ ಡೆಲಿವರಿ ಭಯ್ಯಾ ಬೆವರು ಒರೆಸಿಕೊಳ್ಳುತ್ತಾ ಫೋನು ಮಾಡಿದ. “ಅಂಕಲ್‌ಜೀ, ಏಕ್ ಸೌ ಬೀಸ್ ಕೇ ಬಾದ್ ಸೀಧಾ ಗ್ಯಾರಾ ಹಜಾರ್! ಬೀಚ್ ಕೇ ಮಕಾನ್ ಕಹಾಂ ಗಯೇ?” ನೂರಿಪ್ಪತ್ತಾದ ಮೇಲೆ ಒಮ್ಮೆಲೇ ಹನ್ನೊಂದು ಸಾವಿರ ಬಂದರೆ ನಡುವಿನ ಮನೆಗಳನ್ನು ಅವನಾದರೂ ಎಲ್ಲಿ ಹುಡುಕಬೇಕು, ಪಾಪ!

ಇದೂ ಹೋಗಲಿ ಎನ್ನೋಣ. ಅತ್ತೆಯ ಬಿ.ಪಿ. ನೋಡಿ ದಿನಾ ಆಸ್ಪತ್ರೆಗೆ ತಿಳಿಸಬೇಕಿತ್ತು. ಒಂದು ಬೆಳಿಗ್ಗೆ ನೂರಿಪ್ಪತ್ತು, ಎಂಬತ್ತು ಬಂತು. ಇನ್ನೇನು ಬೇಕು? ಮಾವ ಖುಷಿಯಲ್ಲಿ ಎಂಟೆಂಟರ ಕಟ್ಟು ಕಟ್ಟಿ, “ನೂರೆಪ್ಪತ್ತು, ನೂರಿಪ್ಪತ್ತು” ಎಂದು ಫೋನಿನಲ್ಲಿ ಹೇಳಿಯೇಬಿಟ್ಟರು. ಮುಗಿಯಿತಲ್ಲ ಕಥೆ! ಉಪ್ಪಿಟ್ಟು ಬೇಯುವುದರೊಳಗೆ ಆಸ್ಪತ್ರೆಯವರು ಹತ್ತಿರದಿಂದಲೇ ಕಳಿಸಿದ ಆಂಬುಲೆನ್ಸ್ ಬಾಗಿಲಿಗೆ. ಸ್ಟ್ರೆಚರ್ ಹಿಡಿದು ಓಡಿಬಂದವರಿಗೆ ಅತ್ತೆ ಸೌಟು ತೋರಿಸಿ ಹೇಳಿದರು: “ಪೇಶೆಂಟ್ ಮೈಂ ಹೂಂ. ಪಾಗಲ್ ಅಂದರ್ ಬೈಠಾ ಹೈ!” ರೋಗಿ ಅವರಂತೆ, ಹುಚ್ಚರು ಒಳಗೆ ಕೂತಿದ್ದಾರಂತೆ!

ಆಪರೇಷನ್ ದಿನ ಥಿಯೇಟರಿನ ಬಾಗಿಲಲ್ಲಿ ಸಿಸ್ಟರ್ ವಯಸ್ಸು ಕೇಳಿದರು. ದೇವರೇ, ಇಲ್ಲೇನು ಎಡವಟ್ಟು ಮಾಡುತ್ತಾರೋ ಎಂದು ನಾನು ಉಸಿರು ಬಿಗಿ ಹಿಡಿದೆ.

“ಸೆವೆಂಟಿ ತ್ರೀ ಸಿಸ್ಟರ್,” ಎಂದರು ಮಾವ. “ಮಾಮೂಲಿ ಲೆಕ್ಕ.”

ಸ್ಟ್ರೆಚರಿನ ಮೇಲಿದ್ದ ಅತ್ತೆ ಗಂಡನ ತೋಳು ಹಿಡಿದರು. “ರೀ, ನೀವು ಹೀಗೆ ನೆಟ್ಟಗೆ ಮಾತಾಡಿದ್ರೆ ನಂಗೆ ಭಯ ಆಗತ್ತೆ. ನಿಮ್ಮ ಲೆಕ್ಕದಲ್ಲೇ ಹೇಳಿ.”

ಮಾವ ಒಂದು ಕ್ಷಣ ಯೋಚಿಸಿದರು. “ಮೂವತ್ತಾರರ ಕಟ್ಟು ಹಾಕಿದ್ರೆ ಎರಡು ಕಟ್ಟು, ಒಂದು ಕಡ್ಡಿ. ನಿನಗೆ ಇಪ್ಪತ್ತೊಂದು ಕಣೇ.”

“ಅಷ್ಟು ಚಿಕ್ಕ ಹುಡುಗಿಗೆ ಏನೂ ಆಗಲ್ಲ. ಹೋಗಿ ಕಾಫಿ ಕುಡೀರಿ,” ಎಂದು ಅತ್ತೆ ನಕ್ಕರು. ಬಾಗಿಲು ಮುಚ್ಚಿತು.

ಮಾವ ಕಾಫಿಗೆ ಹೋಗಲಿಲ್ಲ. ಬೆಂಚಿನ ಮೇಲೆ ಕುಸಿದು ಕೂತು, “ಯಾವ ಕಟ್ಟು ಹಾಕಿದ್ರೂ ಒಂದು ಅನ್ನೋದು ಒಂದೇ ಕಣೇ. ನನಗಿರೋದು ಅವಳೊಬ್ಬಳೇ,” ಎಂದು ಅತ್ತುಬಿಟ್ಟರು. ಅತ್ತೆ ಕಣ್ಣು ಬಿಟ್ಟರೆಂದು ಸಿಸ್ಟರ್ ಬಂದು ಹೇಳುವವರೆಗೂ ಅವರ ಬಾಯಿಂದ ಇನ್ನೊಂದು ಸಂಖ್ಯೆ ಹೊರಡಲಿಲ್ಲ.