ಸಂಕೋಚಕ್ಕೊಬ್ಬ ಕೋಚ್

ಬಣ್ಣದ ಅಂಗಡಿಯ ಸ್ಟೋರಿನಲ್ಲಿ ಡಬ್ಬ ಎತ್ತಿಕೊಡುವವನನ್ನು ಎಲ್ಲರೂ ಸಂಕೋಚ ಎಂದೇ ಕರೆಯುತ್ತಿದ್ದರು. ಯಾರು ಏನೇ ಕೇಳಲಿ, ಇಲ್ಲ ಎನ್ನಲು ಅವನಿಗೆ ಬಾಯಿ ಬಾರದು. ಒಮ್ಮೆ ಹಲ್ಲಿನ ಡಾಕ್ಟರು ನೋಯದ ಹಲ್ಲನ್ನು ಹಿಡಿದು "ಇದೇನಾ?" ಎಂದಾಗ, ಪಾಪ ಅಷ್ಟು ಓದಿದವರ ಮನಸ್ಸು ನೋಯಿಸುವುದೇಕೆಂದು ತಲೆಯಾಡಿಸಿದ್ದ. ಗಟ್ಟಿ ಹಲ್ಲನ್ನು ಅಲ್ಲಿ ಬಿಟ್ಟು, ನೋಯುವ ಹಲ್ಲನ್ನು ಹಾಗೇ ಮನೆಗೆ ತಂದಿದ್ದ.

ಇಂಥವನಿಗೆ ಅಂಗಡಿಯ ಯಜಮಾನರು ಮೆಟ್ಟಿಲು ಇಳಿಯುತ್ತಾ ಒಂದು ಮಾತು ಎಸೆದು ಹೋದರು. "ದೂರದ ಊರಲ್ಲಿರೋ ನಮ್ಮ ಗೋದಾಮಿಗೆ ನಿನ್ನನ್ನೇ ಕಳಿಸೋಣ ಅಂತಿದೀನಿ. ನೀನಂತೂ ಇಲ್ಲ ಅನ್ನಲ್ಲ. ಆದ್ರೂ ನಾಳೆ ಸಂಜೆ ಒಂದು ಮಾತು ಹೇಳು."

ಅಲ್ಲಿಗೆ ಹೋದವರು ಮನೆಯ ಮುಖ ನೋಡುವುದು ಯಾವಾಗಲಾದರೊಮ್ಮೆ. ಹೆಂಡತಿ ಕೇಳಿದವಳೇ ಸೌಟು ಕೆಳಗಿಟ್ಟಳು. "ರೀ, ಬೇಡ ಅಂತ ಹೇಳಿ ಬಂದ್ರೆ ಸರಿ. ಇಲ್ಲಾಂದ್ರೆ ಆ ಗೋದಾಮನ್ನೇ ಕಟ್ಕೊಂಡು ಸಂಸಾರ ಮಾಡಿ."

ಅವನಿಗೂ ಹೋಗುವ ಮನಸ್ಸಿರಲಿಲ್ಲ. ಆದರೆ ಆ ಬೇಡ ಎನ್ನುವ ಮಾತು ಗಂಟಲಲ್ಲಿ ಹಳೇ ಬಣ್ಣದ ಡಬ್ಬದ ಮುಚ್ಚಳದ ಹಾಗೆ ಕಚ್ಚಿಕೊಂಡು ಕೂತಿತ್ತು. ಸ್ಕ್ರೂಡ್ರೈವರ್ ಹಾಕಿ ಮೀಟಿದರೂ ಏಳುವಂತಿರಲಿಲ್ಲ.

ಉಪಾಯ ಹೇಳಿದವನು ಭಾವಮೈದ. ಚಪ್ಪಲಿ ಅಂಗಡಿಯ ಮಹಡಿಯಲ್ಲಿ ಒಬ್ಬ ಲೈಫ್ ಕೋಚ್ ಮೇಡಂ ಇದ್ದಾರಂತೆ, ಬದುಕನ್ನೇ ರಿಪೇರಿ ಮಾಡುತ್ತಾರಂತೆ. ಕೋಚಿಂಗ್ ನಮಗೆ ಒಗ್ಗುತ್ತದೋ ಇಲ್ಲವೋ ಎಂದು ಮೊದಲ ದಿನ ಬಿಟ್ಟಿಯಾಗಿ ನೋಡುತ್ತಾರಂತೆ. "ಭಾವ, ಸಂಕೋಚದೊಳಗೇ ಕೋಚ್ ಇದೆ ನೋಡಿ. ಇದು ನಿಮಗೆ ಅಂತಲೇ ಹುಟ್ಟಿದ್ದು."

ಹೋಗುವುದೋ ಬಿಡುವುದೋ? ಅದನ್ನು ತೀರ್ಮಾನಿಸಲಾಗದೆ ಸಂಕೋಚ ಮರುದಿನ ಬೆಳಿಗ್ಗೆ ತನ್ನ ಮನೆಯಿದ್ದ ಕಟ್ಟಡದ ಮೆಟ್ಟಿಲ ಮೇಲೆ ಕೂತ. ಕಟ್ಟಡದವರೆಲ್ಲ ಬಂದು ಸುತ್ತ ನೆರೆದರು. ಕೋಚ್ ಎಂದರೆ ರೈಲಿನದು ಎಂದುಕೊಂಡ ನಿವೃತ್ತ ಗಾರ್ಡ್ ತಾತ, ಕೋಚ್ ಚೆನ್ನಾಗಿದ್ದರೇನು, ಇಂಜಿನ್ ನೋಡಿ ಹತ್ತಪ್ಪಾ ಎಂದರು. ಎದುರುಮನೆಯ ಅತ್ತೆ ಬೇಡವೇ ಬೇಡ ಎಂದರು. ಅವರ ಸೊಸೆ ಯಾವುದೋ ಕೋಚ್ ಹತ್ತಿರ ಹೋಗಿ ಬಂದ ಮೇಲೆ, ಪಾತ್ರೆ ತೊಳೆಯಮ್ಮಾ ಎಂದರೆ ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳುತ್ತಾಳಂತೆ. ಉಸಿರು ಬಿಡುವ ಹೊತ್ತಿಗೆ ಅತ್ತೆಯೇ ತೊಳೆದು ಮುಗಿಸಿರುತ್ತಾರೆ. ಹೋಗು ಎಂದವರಿಗೂ ಸಂಕೋಚ ಹೌದು ಎಂದ, ಹೋಗಬೇಡ ಎಂದವರಿಗೂ ಹೌದು ಎಂದ. ಕೊನೆಗೆ ಭಾವಮೈದ ರಟ್ಟೆ ಹಿಡಿದು ಎಬ್ಬಿಸಿ, ಕರೆದೊಯ್ದು ಮಹಡಿ ಹತ್ತಿಸಿ, ಬಾಗಿಲಲ್ಲೇ ಬಿಟ್ಟು ಬಂದ.

ಮೇಡಂ ಬಲು ನಯ. ತಾನು ಸಲಹೆ ಕೊಡುವವಳಲ್ಲ, ಬರೀ ಪ್ರಶ್ನೆ ಕೇಳುವವಳು, ಉತ್ತರ ನಿಮ್ಮೊಳಗೇ ಇದೆ ಎಂದರು. ಸಂಕೋಚ ಕಣ್ಣು ಮುಚ್ಚಿ ಒಳಗೆಲ್ಲ ಹುಡುಕಿದ. ಬೆಳಗಿನ ತಿಂಡಿ ಬಿಟ್ಟರೆ ಏನೂ ಸಿಗಲಿಲ್ಲ. ವಿಧಿಯಿಲ್ಲದೆ ಗೋದಾಮಿನ ಕತೆಯೆಲ್ಲ ಹೇಳಿಕೊಂಡ.

"ಹಾಗಾದ್ರೆ ನನ್ನ ಕೋರ್ಸ್ ಬೇಡ ಅಂತ ನನಗೇ ಹೇಳಿ, ನೋಡೋಣ."

ಬೇ ಬಂತು, ಡ ಬರಲಿಲ್ಲ. ಬೆವರು ಹರಿಯಿತು, ಕಿವಿ ಕೆಂಪಾಯಿತು. "ಬೇ... ಬೇ..." ಎಂದು ಅವನು ಎಷ್ಟು ಹೊತ್ತು ಒದ್ದಾಡಿದನೆಂದರೆ, ಮೇಲೆ ಮೇಕೆ ತಂದವರು ಯಾರು ಎಂದು ಚಪ್ಪಲಿ ಅಂಗಡಿಯವನು ಹತ್ತಿ ಬಂದು ನೋಡಿ ಹೋದ. ಕೊನೆಗೆ ಮುಚ್ಚಳ ಹಾರಿತು. "ಬೇಡ!"

ಮೇಡಂ ಚಪ್ಪಾಳೆ ತಟ್ಟಿದರು. "ನೋಡಿದ್ರಾ, ಕೋಚಿಂಗ್ ಕೆಲಸ ಮಾಡ್ತು. ಅಂದ್ರೆ ನಿಮಗೆ ಒಗ್ಗುತ್ತೆ. ಸೇರ್ಕೊಳ್ಳಿ."

"ಬೇಡ ಅನ್ನೋಕೆ ಆಗದೇ ಇದ್ದಿದ್ರೆ ಮೇಡಂ?"

"ಆಗಂತೂ ಸೇರಲೇಬೇಕಿತ್ತು."

ಈ ಲೆಕ್ಕದಲ್ಲಿ ತಪ್ಪು ಎಲ್ಲಿದೆಯೆಂದು ತಿಳಿಯುವಷ್ಟರಲ್ಲಿ ಅವನು ಸೇರಿಬಿಟ್ಟಿದ್ದ. ಮೊದಲ ಪಾಠವೂ ಕೈಗೆ ಬಂತು. ಸಂಜೆಯವರೆಗೆ ಯಾರು ಏನು ಕೇಳಿದರೂ ಯೋಚಿಸದೆ ಬೇಡ ಎನ್ನಬೇಕು, ಬಿಟ್ಟರೆ ನಾಲಿಗೆ ಮತ್ತೆ ತುಕ್ಕು ಹಿಡಿಯುತ್ತದೆ.

ಬಸ್ಸು ಹತ್ತಿದ. ಕಂಡಕ್ಟರ್ "ಟಿಕೆಟ್?" ಎಂದ. "ಬೇಡ" ಎಂದ. ಮುಂದಿನ ತಿರುವಿನಲ್ಲೇ ಅವನನ್ನು ಇಳಿಸಿ ಬಸ್ಸು ಹೊಗೆ ಬಿಟ್ಟುಕೊಂಡು ಹೋಯಿತು. ನಡೆಯುತ್ತಿದ್ದವನ ಪಕ್ಕ ಅಂಗಡಿಯ ಅಕೌಂಟೆಂಟ್ ಸ್ಕೂಟರ್ ನಿಲ್ಲಿಸಿ ಹತ್ತು ಮಾರಾಯಾ ಎಂದ. ಅದೂ ಬೇಡ. ಮಳೆ ಹಿಡಿಯಿತು. ದಾರಿಯಲ್ಲಿ ಯಾರೋ ಪುಣ್ಯಾತ್ಮರು ಕೊಡೆಯೊಳಗೆ ಕರೆದರು. ಅದಂತೂ ಬೇಡವೇ ಬೇಡ. ಅಂಗಡಿ ಮುಟ್ಟುವಾಗ ಸಂಕೋಚ ತೊಳೆದು ಹಿಂಡದ ಬಟ್ಟೆಯಂತಾಗಿದ್ದ. ಆದರೆ ಎದೆ ಮಾತ್ರ ಹುಂಜದ್ದು.

ಯಜಮಾನರು ತಲೆಯೆತ್ತಿದರು. ಅಕೌಂಟೆಂಟ್ ಪಕ್ಕದಲ್ಲೇ ಕಾಗದ ಹಿಡಿದು ನಿಂತಿದ್ದ.

"ಬಾ. ಆ ಗೋದಾಮಿನ ವಿಷಯ..."

"ಬೇಡ. ನಾನು ಹೋಗಲ್ಲ."

ಫ್ಯಾನು ಕೂಡ ಒಂದು ಸುತ್ತು ತಪ್ಪಿಸಿತು. ಅಕೌಂಟೆಂಟ್ ತೆರೆದ ಬಾಯಿ ಮುಚ್ಚಲಿಲ್ಲ. ಯಜಮಾನರು ಎದ್ದು ಮೇಜು ಸುತ್ತಿಕೊಂಡು ಬಂದರು. ಕೆನ್ನೆಗೋ ಕೆಲಸಕ್ಕೋ, ಯಾವುದಕ್ಕೆ ಏಟು ಎಂದು ಸಂಕೋಚ ಕಣ್ಣು ಮುಚ್ಚಿದ. ಬಿದ್ದದ್ದು ಅಪ್ಪುಗೆ.

"ಅಲ್ಲಿದ್ದವನು ಕೇಳಿದವರಿಗೆಲ್ಲ ಇಲ್ಲ ಅನ್ನಲಾರದೆ ಡಬ್ಬ ಎತ್ತಿಕೊಟ್ಟ ಕಣಯ್ಯ. ಆ ಊರಿನ ಗೋಡೆಗೆಲ್ಲ ನಮ್ಮ ಬಣ್ಣ, ಗೋದಾಮು ಮಾತ್ರ ಖಾಲಿ. ರಾತ್ರಿ ಯೋಚನೆ ಮಾಡಿದೆ, ನೀನೂ ಅದೇ ತಳಿ. ನೀನು ಇಲ್ಲೇ ಇರು ಅಂತ ಹೇಳೋಕೇ ಈಗ ಬಾಯಿ ತೆಗೆದೆ. ಅಷ್ಟರಲ್ಲಿ ನನ್ನ ಮುಖಕ್ಕೇ ಬೇಡ ಅಂದೆ ನೋಡು! ಇಂಥ ಗಂಡೇ ಅಲ್ಲಿ ಬೇಕಾಗಿರೋದು. ನಾಳೆ ಬೆಳಿಗ್ಗೆನೇ ಹೊರಡು."

"ಬೇಡ ಯಜಮಾನ್ರೇ..."

"ಕೇಳಿದ್ಯಾ, ಮತ್ತೆ ಅಂದ!" ಯಜಮಾನರು ಅಕೌಂಟೆಂಟ್ ಕಡೆ ತಿರುಗಿದರು. ಮಗ ಮೊದಲ ಸಲ ಅಪ್ಪಾ ಅಂದಷ್ಟು ಹಿಗ್ಗು ಅವರ ಮುಖದಲ್ಲಿತ್ತು.

ಸಂಕೋಚ ಕೈ ಮುಗಿದು ಬೇಡ ಎಂದ, ಕಾಲು ಹಿಡಿದು ಬೇಡ ಎಂದ. ಎಂದಷ್ಟೂ ಯಜಮಾನರ ನಂಬಿಕೆ ಗಟ್ಟಿಯಾಗುತ್ತ ಹೋಯಿತು. ಆಯ್ತು ಎನ್ನೋಣವೆಂದರೆ ಹೋಗಲೇಬೇಕು. ದಿಕ್ಕು ತೋಚದೆ ಅವನು ಬಾಯಿ ಮುಚ್ಚಿ ಸುಮ್ಮನೆ ನಿಂತ.

"ಮೌನಂ ಸಮ್ಮತಿ ಲಕ್ಷಣಂ" ಎಂದು ಗೊಣಗಿ, ಅಕೌಂಟೆಂಟ್ ಆರ್ಡರ್ ಬರೆಯಲು ಕೂತ.