ಪಾವಣೆ ಆಠ

"ಬರೂ ರವಿವಾರ ರಾತ್ರಿ ಎಂಟಕ್ಕ ನೀ ಟೀವ್ಯಾಗ ಬರೂದನ್ನ ನಾ ಕಂಪ್ಯೂಟರಿನ್ಯಾಗ ಹಿಡದ ಇಡ್ತೀನಿ! ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳೂ ಕುಂತ ನೋಡಬೇಕ, ಹಂಗ!"

ಸಮಾಧಾನ ಎದೆ ತಟ್ಟಿಕೊಂಡು ಹೀಗೆ ಘೋಷಿಸಿದಾಗ ಅವನ ಹೆಂಡತಿ ಪ್ರಾಜಕ್ತಾ ಚಪಾತಿ ಲಟ್ಟಿಸುತ್ತಿದ್ದಳು. ಅವಳ ಕೈಯ ಲಟ್ಟಣಿಗೆ ನಿಂತಿತು. ಲಟ್ಟಣಿಗೆ ನಿಂತರೆ ಒಳ್ಳೆಯ ಶಕುನವೋ ಕೆಟ್ಟದ್ದೋ ಎಂಬುದು ಒಂಬತ್ತು ವರ್ಷದ ಸಂಸಾರದಲ್ಲಿ ಇನ್ನೂ ತಿಳಿಯದ ಗಂಡ, ಇರಲಿ ಎಂದು ಬಾಗಿಲ ಕಡೆ ಒಂದು ಹೆಜ್ಜೆ ಸರಿದು ನಿಂತ.

"ತಪ್ಪಿದ್ರ?"

"ತಪ್ಪಿದ್ರ ನನ್ನ ಹೆಸರ ಸಮಾಧಾನ ಅಲ್ಲ!"

ಹಾರೂಗೇರಿಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದ ಈ ಪ್ರಾಣಿಗೆ ಹೆತ್ತವರು ಯಾವ ಧೈರ್ಯದ ಮೇಲೆ ಆ ಹೆಸರಿಟ್ಟರೋ! ಊರಿಗೆಲ್ಲ ಸಮಾಧಾನ ಇದ್ದೀತು, ಸಮಾಧಾನನಿಗೆ ಇರಲಿಲ್ಲ. ಕುಕ್ಕರಿನ ಸೀಟಿಗೆ ಹೆದರುತ್ತಿದ್ದ. ಹಲ್ಲಿಗೆ ಹೆದರುತ್ತಿದ್ದ. ಅಂಚೆಯಲ್ಲಿ ಲಕೋಟೆ ಬಂದರೆ ಒಡೆಯುವ ಮುಂಚೆ ನೀರು ಕುಡಿಯುತ್ತಿದ್ದ. ಹೆಂಡತಿಗೆ ಹೆದರುತ್ತಿದ್ದದ್ದು ಬೇರೆ ಮಾತು. ಅದು ಭಯವಲ್ಲ, ದಿನಚರಿ. ಆದರೆ ಅಲಖನೂರಿನ ಅತ್ತೆ ಸುಂದರಾಬಾಯಿಯ ಹೆಸರು ಕಿವಿಗೆ ಬಿದ್ದರೆ ಸಾಕು, ಅವನ ಎರಡೂ ಮೊಣಕಾಲು ಒಂದಕ್ಕೊಂದು ನಮಸ್ಕಾರ ಹಾಕುತ್ತಿದ್ದವು.

ಇಂಥವನು ಇಂಥ ಪ್ರತಿಜ್ಞೆ ಮಾಡಿದ್ದಕ್ಕೆ ಕಾರಣವಿತ್ತು. ಬೆಳಗಾವಿಯಲ್ಲಿ ಒಂದು ಟೀವಿ ಚಾನೆಲ್ಲಿನವರು ಹೆಣ್ಣುಮಕ್ಕಳಿಗಾಗಿ ಒಡಪಿನ ಸ್ಪರ್ಧೆ ಇಟ್ಟಿದ್ದರು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬರಿಬಾಯಲ್ಲಿ ಹೇಳುವುದಿಲ್ಲ. ಪ್ರಾಸ ಹೊಂದಿಸಿ, ಒಡಪು ಕಟ್ಟಿ, ಕೊನೆಗೆ ಅದರ ತುದಿಯಲ್ಲಿ ಹೆಸರು ಇಡುತ್ತಾಳೆ. ಮದುವೆಯ ದಿನ ಪ್ರಾಜಕ್ತಾ ಒಡಪನ್ನೇನೋ ಶುರು ಮಾಡಿದ್ದಳು, ಆದರೆ ಹೆಸರು ಬರುವ ಹೊತ್ತಿಗೆ ನಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಂದಿನಿಂದ 'ಏನ್ರಿ', 'ಕೇಳಸ್ತೇನ್ರಿ', 'ಕಿವಿ ಕೆಟ್ಟಾವೇನ್ರಿ' ಎಂಬ ಮೂರು ಮಾತಿನ ಮೇಲೆಯೇ ಸಂಸಾರ ನಡೆದಿತ್ತು. ಅಂಥವಳು ಈಗ ಕ್ಯಾಮೆರಾದ ಎದುರು ನಿಂತು ಗಂಡನ ಹೆಸರು ಹೇಳಿ ಬಂದಿದ್ದಳು!

"ಏನಂತ ಹೇಳಿದಿ?" ಎಂದು ಅವನು ಹತ್ತು ಸಲ ಕೇಳಿದ್ದ.

"ಟೀವ್ಯಾಗ ಕೇಳ್ರಿ. ಒಮ್ಮೆ ತೋರಸ್ತಾರ, ಮತ್ತ ತೋರಸೂದಿಲ್ಲ."

ಹೆಂಡತಿಯ ಬಾಯಿಂದ ತನ್ನ ಹೆಸರು ಕೇಳಬೇಕು. ಒಮ್ಮೆ ಅಲ್ಲ, ಬೇಕೆನಿಸಿದಾಗಲೆಲ್ಲ ಕೇಳಬೇಕು. ಅಷ್ಟೆಲ್ಲ ಹೆದರಿಕೆಗಳ ಅಡಿಯಲ್ಲಿ ಸಮಾಧಾನನಿಗೆ ಇದೊಂದು ಆಸೆ ಇತ್ತು. ಮನೆಯ ಟೀವಿ ಕೆಟ್ಟು ಮೂಲೆ ಸೇರಿತ್ತು. ಕಂಪ್ಯೂಟರ್ ಮಾತ್ರ ಜೀವಂತವಿತ್ತು. ಅದರಲ್ಲಿಯೇ ಟೀವಿ ನೋಡಬಹುದು, ಹಿಡಿದೂ ಇಡಬಹುದು ಎಂದು ಯಾರೋ ಹೇಳಿದ್ದರು. ಕಂಪ್ಯೂಟರಿನ ಡಬ್ಬಿಯನ್ನು ಚಾದರದಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು, ಅವನು ಚಿಕ್ಕೋಡಿಯ ಬಸ್ಸು ಹತ್ತಿದ.

"ಒಳಗಿನ ಕಾರ್ಡ ಬೇಕೋ, ಹೊರಗಿನ ಡಬ್ಬಿ ಬೇಕೋ?" ಅಂಗಡಿಯ ಶಿವಾಜಿ ಕೇಳಿದ.

"ಯಾವದರಾಗ ಹೆದರಿಕಿ ಕಡಿಮಿ ಐತ್ರಿ?"

ಶಿವಾಜಿ ಗಿರಾಕಿಯ ಮುಖ ನೋಡಿದ. "ಡಬ್ಬಿ ಹೊರಗ ಕುಂದರತೈತಿ, ಬರೇ ತೋರಸ್ತೈತಿ. ಕಾರ್ಡ ಹಾಕಬೇಕಂದ್ರ ಇದರ ಹೊಟ್ಟಿ ಬಿಚ್ಚಬೇಕ. ಖರೆ ಅದು ತೋರಸ್ತೈತಿ, ಹಿಡದೂ ಇಡ್ತೈತಿ."

ಹೊಟ್ಟೆ ಬಿಚ್ಚುವ ಮಾತಿಗೆ ಸಮಾಧಾನ ತನ್ನ ಹೊಟ್ಟೆಯನ್ನೇ ಎರಡೂ ಕೈಯಲ್ಲಿ ಒತ್ತಿ ಹಿಡಿದ. ಪ್ರತಿಜ್ಞೆ ನೆನಪಾಗಿ "ಬಿಚ್ರಿ" ಎಂದು ಕಣ್ಣು ಮುಚ್ಚಿಕೊಂಡ.

"ಸಾಫ್ಟ್‌ವೇರ್ ಯಾವದ? ಒಂದರಾಗ ಚಿತ್ರ ಚಂದ ಬರತೈತಿ, ಖರೆ ಟೈಮಿಗೆ ನೀವ ಗುಂಡಿ ಒತ್ತಬೇಕ. ಇನ್ನೊಂದರಾಗ ಟೈಮ್ ಹಚ್ಚಿಟ್ರ ತಾನ ಎದ್ದ ಹಿಡೀತೈತಿ."

"ತಾನ ಏಳೂದ ಕೊಡ್ರಿ. ಆವತ್ತ ನನ್ನ ಕೈ ನಡಗತಾವು."

"ಚಿತ್ರ ಹಂಗ ಇಡೂದೋ, ಹಿಂಡಿ ಇಡೂದೋ?" ಸಮಾಧಾನ ಪಿಳಿಪಿಳಿ ನೋಡಿದ್ದಕ್ಕೆ ಶಿವಾಜಿಯೇ ವಿವರಿಸಿದ. "ಕಬ್ಬ ಹಂಗ ಇಟ್ರ ಟ್ರ್ಯಾಕ್ಟರ್ ತುಂಬ ಆಕ್ಕೈತಿ. ಬೆಲ್ಲ ಮಾಡಿದ್ರ ಒಂದ ಪೆಂಟಿ ಆಕ್ಕೈತಿ. ನಿಮ್ಮ ಕಂಪ್ಯೂಟರಿನ್ಯಾಗ ಜಾಗಾ ಇಲ್ಲ, ಬೆಲ್ಲ ಮಾಡ್ರಿ. ಮತ್ತ ಕರೆಂಟ ಹೋಗೂ ಹಂಗ ಕಂಡ್ರ ಮೊದಲ ಮಾನಿಟರ್ ಬಂದ ಮಾಡ್ರಿ. ಯುಪಿಎಸ್ಸಿನ ಬ್ಯಾಟರಿ ಎಲ್ಲಾ ಅದ ಕುಡೀತೈತಿ. ಮಾನಿಟರ್ ಬಂದ ಇದ್ರೂ ಒಳಗ ಹಿಡಿಯೂ ಕೆಲಸ ನಡದ ಇರತೈತಿ."

ಈ ಕೊನೆಯ ಮಾತನ್ನು ಸಮಾಧಾನ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ. ಮನೆಯಲ್ಲಿ ಸಾಫ್ಟ್‌ವೇರ್ ಹಾಕಿದರೆ ಅದು ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿತು: ದನಿಯನ್ನು ಎಲ್ಲಿಂದ ತೆಗೆದುಕೊಳ್ಳಲಿ? ಲೈನಿನಿಂದಲೋ, ಮೈಕಿನಿಂದಲೋ? ಹಾರೂಗೇರಿಯಲ್ಲಿ ಹುಟ್ಟಿ ಬೆಳೆದವನಿಗೆ ಇದರಲ್ಲೇನು ಅನುಮಾನ! ತೊಟ್ಟಿಲ ಕಾರ್ಯಕ್ರಮವಿರಲಿ, ಪುಢಾರಿಯ ಭಾಷಣವಿರಲಿ, ಮೈಕು ಬಾರದೆ ಇಲ್ಲಿ ಯಾವ ಕಾರ್ಯಕ್ರಮ ಶುರುವಾಗಿದೆ? ಇನ್ನು ಲೈನೆಂದರೆ ಕರೆಂಟಿನ ಲೈನು. ಅದನ್ನು ಮುಟ್ಟಿದವರು ಉಳಿದಿದ್ದಾರೆಯೇ? ಮೈಕನ್ನೇ ಆರಿಸಿ, ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಶಕ್ತಿಯನ್ನು ತುದಿಯವರೆಗೆ ಏರಿಸಿದ. ಮರುಕ್ಷಣ ಸ್ಪೀಕರು 'ಕುಂಯ್ಯೋ' ಎಂದು ಚೀರಿತು! ಸಮಾಧಾನ ಮಂಚದ ಮೇಲೆ ಹಾರಿದ. ಎಷ್ಟೋ ಹೊತ್ತಿನ ನಂತರ ಇಳಿದು ಬಂದು ಸ್ಪೀಕರನ್ನು ಆರಿಸಿದಾಗ ಮನೆ ಶಾಂತವಾಯಿತು. ಶಾಂತವಾದದ್ದೆಲ್ಲ ಸರಿಯಾಗಿದೆ ಎಂದು ಅವನ ನಂಬಿಕೆ.

ಪ್ರಾಜಕ್ತಾ ಗುರುವಾರವೇ ತವರಿಗೆ ಹೋಗಿದ್ದಳು, ಅವ್ವನ ಜೊತೆ ದೊಡ್ಡ ಟೀವಿಯಲ್ಲಿ ನೋಡಲು. ರವಿವಾರ ಮಧ್ಯಾಹ್ನ ಅವಳ ಫೋನು ಬಂತು. ಗಾಳಿಯ ಸದ್ದು, ಕೋಳಿಯ ಸದ್ದು, ನಡುವೆ ಅವಳ ದನಿ.

"ಏನ್ರಿ, ಕೇಳಸ್ತೇನ್ರಿ? ಪಾವಣೆ ಆಠ ಆಗೈತ್ರಿ!"

"ಆಂ?"

"ಕಿವಿ ಕೆಟ್ಟಾವೇನ್ರಿ? ಪಾವಣೆ ಆಠ! ಎಲ್ಲಾ ತಯಾರಿ ಇಟಗೋರಿ! ಏನರ ತಪ್ಪಿತಂದ್ರ ನಮ್ಮವ್ವ ನಿಮ್ಮನ್ನ..."

ಅಲ್ಲಿಗೆ ಫೋನು ಕಟ್ಟಾಯಿತು. ಅವ್ವ ನಿಮ್ಮನ್ನ ಏನು ಮಾಡುತ್ತಾಳೆ ಎಂಬುದನ್ನು ಸಮಾಧಾನ ತಾನೇ ಊಹಿಸಿಕೊಂಡು ಬೆವತ. ನಮ್ಮ ಗಡಿಭಾಗದಲ್ಲಿ ಮನೆಗೆ ಬರುವ ನೆಂಟರಿಗೆ ಪಾವಣೇರು ಎನ್ನುತ್ತಾರೆ. ಆಠ ಎಂದರೆ ಮರಾಠಿಯ ಎಂಟು. ಅಂದರೆ ಎಂಟು ಜನ ಪಾವಣೇರು! ಅತ್ತೆಯನ್ನು ಮುಂದೆ ಮಾಡಿಕೊಂಡು! ಅವನು ಬೇಲಿಗೆ ಓಡಿಹೋಗಿ ಪಕ್ಕದ ಮನೆಯ ಬಾಪುಸಾಹೇಬರನ್ನು ಕೂಗಿದ. ಅವರು ಯಾರ ಮನೆಯಲ್ಲಿ ಒಲೆ ಹೊತ್ತಿದರೂ ನೆರವಾಗುವ ಧರ್ಮಾತ್ಮರು, ಯಾಕೆಂದರೆ ಉಣ್ಣುವಾಗಲೂ ಅಲ್ಲಿಯೇ ಇರುತ್ತಿದ್ದರು.

"ಬಾಪುಸಾಹೇಬ್ರ, ಎಂಟ ಮಂದಿ ಪಾವಣೇರ ಬರಾಕತ್ತಾರ! ಉಳ್ಳಾಗಡ್ಡಿ ಹೆಚ್ಚಾಕ ಬರ್ರಿ!"

ಸಂಜೆ ಏಳೂವರೆಗೆ ಅಡುಗೆಮನೆಯಲ್ಲಿ ಉಪ್ಪಿಟ್ಟಿನ ಯುದ್ಧ ನಡೆದಿರುವಾಗ ಸಮಾಧಾನನಿಗೆ ಹೊಸ ಭಯ ಹುಟ್ಟಿತು. ಎಂಟಕ್ಕೆ ಟೈಮ್ ಹಚ್ಚಿದ್ದೇನೋ ನಿಜ. ಆದರೆ ಅದು ಎದ್ದೀತೇ? ಎಂಟಕ್ಕೆ ಏಳು ಎಂದರೆ ಮನುಷ್ಯರೇ ಏಳುವುದಿಲ್ಲ! ಪರೀಕ್ಷೆಗೆಂದು ಹಿಡಿಯುವ ಗುಂಡಿ ಒತ್ತಿದ. ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ ಹೊತ್ತಿತು. ಅದೇ ಹೊತ್ತಿಗೆ ಮನೆಯ ದೀಪ ಒಮ್ಮೆ ಮಿಣಕ್ ಎಂದಿತು. ಕರೆಂಟು! ಶಿವಾಜಿಯ ಮಾತು ನೆನಪಾಗಿ ಮಾನಿಟರನ್ನು ಟಪ್ಪನೆ ಆರಿಸಿದ. "ರವಾ ಸೀದ ಹೊಂಟೈತ್ರೋ!" ಎಂದು ಬಾಪುಸಾಹೇಬರು ಒಳಗಿನಿಂದ ಕೂಗಿದರು. ಸಮಾಧಾನ ಓಡಿದ. ದೀಪ ಹೋಗಲಿಲ್ಲ, ಆದರೆ ಕೆಂಪು ಚುಕ್ಕೆಯ ನೆನಪು ಹೋಯಿತು. ಒಲೆಯ ಹೊಗೆಯಲ್ಲಿ ಇಬ್ಬರು ಗಂಡಸರೂ ಉಳ್ಳಾಗಡ್ಡಿ ಹೆಚ್ಚುತ್ತ, ಕಣ್ಣೊರೆಸಿಕೊಳ್ಳುತ್ತ, ಸಂಸಾರದ ಸುಖದುಃಖ ಮಾತನಾಡಿಕೊಂಡರು.

ಎಂಟು ದಾಟಿದ ಮೇಲೆ ಬಾಗಿಲಲ್ಲಿ ಜೀಪು ನಿಂತಿತು. ಮೊದಲು ಸುಂದರಾಬಾಯಿ ಇಳಿದರು. ಅವರ ಹಿಂದೆ ಚಿಕ್ಕತ್ತೆ, ಸೋದರತ್ತೆ, ಓಣಿಯ ಹೆಂಗಸರು. ಸಮಾಧಾನ ಉಸಿರು ಬಿಗಿ ಹಿಡಿದು ಎಣಿಸಿದ. ಪ್ರಾಜಕ್ತಾಳನ್ನು ಬಿಟ್ಟು ಎಂಟು! ಬರೋಬ್ಬರಿ ಎಂಟು! ಜೀವನದಲ್ಲಿ ಮೊದಲ ಸಲ ಅವನ ಲೆಕ್ಕ ಸರಿಯಾಗಿತ್ತು.

"ಜೈಭೀಮ್, ಬರ್ರಿ ಬರ್ರಿ! ಎಂಟ ತಾಟ ತಯಾರ ಅದಾವ!"

ಸುಂದರಾಬಾಯಿ ಹೊಸ್ತಿಲಲ್ಲೇ ನಿಂತರು. "ಜೈಭೀಮ್ ಅಳೇರ. ನಾವ ಎಂಟ ಮಂದಿ ಬರತೀವಂತ ನಿಮಗ್ಯಾರ ಹೇಳಿದ್ರ? ನಮಗ ಗೊತ್ತಿದ್ದಿಲ್ಲ. ಸಾಡೇಸಾತಕ್ಕ ಊರಾಗ ಕರೆಂಟ ಹೋತು. ಒಬ್ರೂ ನೋಡಲಿಲ್ಲ. ನೀವ ಹಿಡದಿಟ್ಟೀರಂತ ಎದ್ದ ಬಂದೇವಿ."

"ಇಕಿನ ಹೇಳಿದ್ಲಲ್ರಿ ಫೋನಿನ್ಯಾಗ! ಪಾವಣೆ ಆಠ ಅಂತ!"

ಪ್ರಾಜಕ್ತಾ ಹಣೆ ಬಡಿದುಕೊಂಡಳು. "ಅಯ್ಯ, ಅದ ಟೈಮ್ ರೀ! ಪಾವಣೆ ಆಠ! ಎಂಟಕ್ಕ ಕಾಲತಾಸ ಕಡಿಮಿ! ಎಂಟರ ಕಾರ್ಯಕ್ರಮ ಏಳೂಮುಕ್ಕಾಲಕ್ಕ ತಂದಾರಂತ ಹೇಳಿದ್ರ, ನೀವ ಮಂದಿ ಎಣಸಾಕತ್ತಿರೇನ?"

ಏಳೂಕಾಲಿಗೆ ಸವ್ವಾಸಾತ, ಏಳೂವರೆಗೆ ಸಾಡೇಸಾತ, ಏಳೂಮುಕ್ಕಾಲಿಗೆ ಪಾವಣೆ ಆಠ ಎಂದು ಗಡಿಯಾರವನ್ನು ಮರಾಠಿಯಲ್ಲಿ ಓದುತ್ತಲೇ ಬೆಳೆದವನು ಸಮಾಧಾನ. ಆದರೆ ಹೆದರಿದವನಿಗೆ ಮಾತು ಒಂದು, ತಿಳಿಯುವುದು ಒಂದು! ಟೈಮ್ ಹಚ್ಚಿದ್ದು ಎಂಟಕ್ಕೆ. ಹೆಂಡತಿ ಟೀವಿಯಲ್ಲಿ ಬಂದು ಹೋದದ್ದು ಏಳೂಮುಕ್ಕಾಲಕ್ಕೆ. ಸಾಡೇಸಾತಿ ಶನಿ ಎಂದರೆ ಇದೇ!

"ಮೊದಲ ಬಿಸಿ ಉಪ್ಪಿಟ್ಟ ತಿನ್ರಿ," ಎಂದ ಕ್ಷೀಣವಾಗಿ.

"ಉಪ್ಪಿಟ್ಟೇನ ಓಡಿ ಹೋಗಂಗಿಲ್ಲ," ಎಂದರು ಸುಂದರಾಬಾಯಿ, ಕುರ್ಚಿಯಲ್ಲಿ ಆಸೀನರಾಗಿ. "ನನ್ನ ಮಗಳನ್ನ ತೋರಸ್ರಿ."

ಗಲ್ಲಿಗೆ ಹೋಗುವವನ ಹಾಗೆ ನಡೆದುಹೋಗಿ ಸಮಾಧಾನ ಮಾನಿಟರ್ ಹಚ್ಚಿದ. ಟೈಮರು ಎಂಟಕ್ಕೆ ಪ್ರಾಮಾಣಿಕವಾಗಿ ಎದ್ದು ತನ್ನ ಕೆಲಸ ನಡೆಸಿತ್ತು. ಪರದೆಯ ಮೇಲೆ ದನದ ಡಾಕ್ಟರೊಬ್ಬರು ಒಂದು ಕೋಣದ ಬಾಯಿ ತೆರೆದು ತೋರಿಸುತ್ತಿದ್ದರು.

"ಯಾರಿಂವ?" ಎಂದರು ಚಿಕ್ಕತ್ತೆ.

ಪ್ರಾಜಕ್ತಾಳ ತುಟಿ ಅದುರಿತು. ಅವಳು ಬೈದಿದ್ದರೆ ಸಮಾಧಾನನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಬೆಳಗಾವಿಗೆ ಹೋಗಿ, ನಾಚಿಕೆ ಬಿಟ್ಟು, ಒಮ್ಮೆ ಹೇಳಿ ಬಂದ ಮಾತು ತನ್ನಿಂದಾಗಿ ಯಾರಿಗೂ ಸಿಗದೆ ಹೋಯಿತಲ್ಲ ಎಂದು ಅವನ ಕರುಳು ಚುರುಕ್ಕೆಂದಿತು. ಗಾಬರಿಯಲ್ಲಿ ಮೌಸನ್ನು ಎಲ್ಲೆಲ್ಲೋ ಒತ್ತಿದಾಗ ಹಿಡಿದಿಟ್ಟ ಚಿತ್ರಗಳ ಪೆಟ್ಟಿಗೆ ತೆರೆಯಿತು. ಅದರಲ್ಲಿ ಇನ್ನೊಂದು ಚಿತ್ರವಿತ್ತು. ಏಳೂವರೆಗೆ ಶುರುವಾದದ್ದು. ಕೆಂಪು ಚುಕ್ಕೆ! ಅವನು ಆರಿಸಲು ಮರೆತ ಪರೀಕ್ಷೆ!

ಅದನ್ನು ತೆರೆದು ಮುಂದಕ್ಕೆ ಎಳೆದರೆ, ಹಸಿರು ಸೀರೆಯುಟ್ಟು, ಮೈಕಿನ ಮುಂದೆ ನಿಂತಿದ್ದಾಳೆ ಪ್ರಾಜಕ್ತಾ!

"ಅಯ್ಯ ನಮ್ಮ ಬಂಗಾರ!" ಎಂದು ಮನೆಯೆಲ್ಲ ಗದ್ದಲವಾಯಿತು. ಪ್ರಾಜಕ್ತಾ ಗಂಡನ ಕಡೆ ಎಂಥ ನೋಟ ನೋಡಿದಳೆಂದರೆ, ಸಮಾಧಾನನ ಎದೆ ಒಂದು ಮೊಳ ಉಬ್ಬಿತು. "ತಡೀರಿ, ದನಿ ಹಚ್ಚತೀನಿ!" ಎಂದು ವೀರನಂತೆ ಮುಂದೆ ಬಂದು ಸ್ಪೀಕರಿನ ಗುಂಡಿಯನ್ನು ಅದು ಚೀರದಷ್ಟೇ ತಿರುಗಿಸಿದ.

ಪರದೆಯ ಮೇಲೆ ಪ್ರಾಜಕ್ತಾ ಬಾಯಿ ತೆರೆದಳು. ಹೊರಗೆ ಬಂದದ್ದು ಗಂಡಸಿನ ದನಿ.

"ನಮ್ಮ ಅತ್ತಿ ಬರತಾಳಂದ್ರ ಬಾಪುಸಾಹೇಬ್ರ, ನನಗ ಹೊಟ್ಟ್ಯಾಗ ಹಿಟ್ಟಿನ ಗಿರಣಿ ಚಾಲೂ ಆಕ್ಕೈತಿ ನೋಡ್ರಿ."

ಟಕ ಟಕ ಟಕ, ಉಳ್ಳಾಗಡ್ಡಿ ಹೆಚ್ಚುವ ಸದ್ದು. ಸುಂದರಾಬಾಯಿಯ ಹುಬ್ಬು ಮೇಲೇರಿತು. ಮೈಕು! ಟೀವಿಯ ದನಿ ಬರುತ್ತಿದ್ದ ಲೈನನ್ನು ಅವನು ಬಿಟ್ಟಿದ್ದಕ್ಕೆ ಮೈಕು ಅಡುಗೆಮನೆಯ ದನಿ ಹಿಡಿದಿತ್ತು! ಸಮಾಧಾನ ಮೌಸಿಗಾಗಿ ತಡಕಾಡಿದ. ಅದು ಮೇಜಿನಿಂದ ಜಾರಿ ಕೆಳಗೆ ಬಿದ್ದು ತೂಗಾಡುತ್ತಿತ್ತು.

"ಹೆಂಡ್ತಿ ಇಲ್ಲದ ಹೆಂಗ ನಡದೈತಿ?" ಇದು ಬಾಪುಸಾಹೇಬರ ದನಿ. ನಿಜವಾದ ಬಾಪುಸಾಹೇಬರು ಅಷ್ಟರಲ್ಲಿ ತಮ್ಮ ಪಾಲಿನ ತಾಟಿನೊಂದಿಗೆ ಹಿತ್ತಲ ಬಾಗಿಲು ದಾಟಿದ್ದರು.

ಪರದೆಯ ಮೇಲೆ ಪ್ರಾಜಕ್ತಾ ತಲೆ ತಗ್ಗಿಸಿದಳು, ನಕ್ಕಳು, ಕಣ್ಣೆತ್ತಿ ಗಂಡನ ಹೆಸರಿಗಾಗಿ ತುಟಿ ತೆರೆದಳು. ಸ್ಪೀಕರು ಹೇಳಿತು:

"ಖರೆ ಹೇಳ್ಲಿ? ಆಕಿ ತವರಿಗೆ ಹ್ವಾದಾಗಿಂದ ಮನ್ಯಾಗ ಎಂಥಾ ಸಮಾಧಾನ!"

ತುಟಿಗೂ ಮಾತಿಗೂ ಎಳ್ಳಷ್ಟು ವ್ಯತ್ಯಾಸವಿರಲಿಲ್ಲ. ಪರದೆಯ ಮೇಲಿನ ಸಭಿಕರು ಸದ್ದಿಲ್ಲದೆ ಚಪ್ಪಾಳೆ ತಟ್ಟಿದರು. ಮನೆಯೊಳಗೆ ಯಾರೂ ತಟ್ಟಲಿಲ್ಲ.

"ಅದ ಸುಳ್ಳ ಪ್ರಾಜಕ್ತಾ," ಎಂದ ಸಮಾಧಾನ. "ಉಳ್ಳಾಗಡ್ಡಿ ಹೆಚ್ಚೂವಾಗ ಗಂಡಸರ ಆಡೂ ಮಾತ ಅದು. ನೀ ಇಲ್ಲದ ಒಂದ ದಿನಾ ಸರಿ ಉಂಡಿಲ್ಲ. ನಿನ್ನ ಬಾಯಾಗ ನನ್ನ ಹೆಸರ ಕೇಳಬೇಕಂತ ಇಷ್ಟೆಲ್ಲಾ ಮಾಡಿದೆ. ಅದ ಒಂದ ಹೋತ."

ಸುಂದರಾಬಾಯಿ ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು. "ಎಲ್ಲಿ ಹೋಗತೈತಿ? ಹೇಳಾಕಿ ಇಲ್ಲೇ ನಿಂತಾಳ. ಹೇಳ ಬೇ ಹುಡುಗಿ. ಇವರಿಗೆ ತಕ್ಕಂಗ ಹೇಳ."

ಪ್ರಾಜಕ್ತಾ ಸೆರಗು ಸರಿಮಾಡಿಕೊಂಡಳು. ಈ ಸಲ ನಾಚಲಿಲ್ಲ. ಗಂಡನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು:

"ಪಾವಣೆ ಆಠ ಅಂದ್ರ ಪಾವಣೇರಿಗೆ ಮಾಡ್ಯಾರ ಉಪ್ಪಿಟ್ಟಿನ ಬಹುಮಾನ,
ಇನ್ನ ತವರಿಗೆ ಹೋಗಂಗಿಲ್ಲ ನಾ, ಇವರಿಗೆಲ್ಲಿ ಸಮಾಧಾನ!"

ಎಂಟು ಪಾವಣೇರೂ ಮನೆ ಹಾರಿಹೋಗುವಂತೆ ನಕ್ಕರು.

ಆ ಗದ್ದಲದಲ್ಲಿ ಎಂಟರ ಟೈಮರನ್ನು ಯಾರೂ ಆರಿಸಿರಲಿಲ್ಲ. ಮೈಕೂ ಎಚ್ಚರವಾಗಿಯೇ ಇತ್ತು. ಮರುದಿನ ತೆರೆದು ನೋಡಿದರೆ ಒಡಪು ಅಕ್ಷರ ತಪ್ಪದೆ ಸಿಕ್ಕಿತ್ತು. ಪ್ರಾಜಕ್ತಾಳ ದನಿ 'ಸಮಾಧಾನ' ಎನ್ನುವ ಹೊತ್ತಿಗೆ ಚಿತ್ರದಲ್ಲಿ ಡಾಕ್ಟರು ಕೋಣದ ಬಾಯಿಗೆ ಗೊಟ್ಟ ಇಟ್ಟು ಔಷಧ ಹೊಯ್ದರು. ಕೋಣ ಕಿವಿ ಜೋಲು ಹಾಕಿ, ತೆಪ್ಪಗೆ ನುಂಗಿತು.

ಅದನ್ನು ಅಳಿಸಿಹಾಕಬಹುದಿತ್ತು. ಸಮಾಧಾನ ಅಳಿಸಲಿಲ್ಲ. ಎಷ್ಟಾದರೂ ಹೆಂಡತಿಯ ಬಾಯಲ್ಲಿ ಅವನ ಹೆಸರಿದ್ದದ್ದು ಅದೊಂದರಲ್ಲೇ. ಯಾರೂ ಇಲ್ಲದಾಗ ಹಚ್ಚಿಕೊಂಡು ಕೇಳುತ್ತಾನೆ. ಮೊನ್ನೆಯೂ ಹಾಗೆಯೇ ಕೂತಿದ್ದಾಗ ಅಡುಗೆಮನೆಯಿಂದ ದನಿ ಬಂತು:

"ಏನ್ರಿ, ಕೇಳಸ್ತೇನ್ರಿ? ಉಳ್ಳಾಗಡ್ಡಿ ಹೆಚ್ಚಾಕ ಬರ್ರಿ! ಬರೂವಾಗ ಮೈಕ್ ಬಂದ ಮಾಡಿ ಬರ್ರಿ!"