ಟ್ಯಾಂಕಿನ ತುಕ್ಕು, ಅಜ್ಜನ ಬಾಯಿ

ಮಕ್ಕಳೇ, ಕಲೆ ಗುರುತಿಸುವ ವಿಷಯದಲ್ಲಿ ನನ್ನನ್ನು ನಾನು ಒಂದು ಕಾಲಕ್ಕೆ ಹೈಕೋರ್ಟಿನ ಜಡ್ಜಿಗೆ ಸಮಾನ ಎಂದು ತಿಳಿದಿದ್ದೆ. ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು ನಾನು. ಇಂಗ್ಲಿಷ್ ಬರಲಿಲ್ಲ, ಭೂಗೋಳ ತಲೆಗೆ ಹತ್ತಲಿಲ್ಲ. ಆದರೆ ಅಂಗಿಯ ಮೇಲಿನ ಕಲೆ ಅರಿಸಿನದ್ದೋ, ದಾಳಿಂಬೆಯದ್ದೋ, ಬಾಳೆಕಾಯಿಯದ್ದೋ ಎಂದು ಹತ್ತು ಮಾರು ದೂರದಿಂದ ಹೇಳುತ್ತಿದ್ದೆ. ತಪ್ಪಿದ್ದು ಒಂದೇ ಸಲ. ಆ ಒಂದು ಸಲಕ್ಕೆ ನಿಮ್ಮ ಅಜ್ಜನೇ ಸಿಕ್ಕಬೇಕೆ!

ಕನ್ನಡ ಓದಲು ಕಷ್ಟವಾದರೆ ನಿಮ್ಮ ಅಮ್ಮನಿಂದ ಓದಿಸಿಕೊಳ್ಳಿ. ಅವಳೂ ಈ ಪ್ರಕರಣದಲ್ಲಿ ಸಾಕ್ಷಿ. ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾವು ನಾಗಪುರದ ಲಕ್ಷ್ಮೀ ನಗರದಲ್ಲಿ ಬಾಡಿಗೆಗಿದ್ದೆವು. ಅಜ್ಜ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ನಿಮ್ಮ ಅಮ್ಮ ಇನ್ನೂ ಕಾಲೇಜಿನಲ್ಲಿದ್ದಳು. ನಮ್ಮ ಸಂಡಾಸಿನ ಗೋಡೆಯ ಮೇಲೆ, ತಲೆಗಿಂತ ಎತ್ತರದಲ್ಲಿ, ಬೀಡು ಕಬ್ಬಿಣದ ಒಂದು ಹಳೆಯ ಟ್ಯಾಂಕು ಕೂತಿತ್ತು. ಸರಪಳಿ ಎಳೆದರೆ ರೈಲು ಹೊರಟ ಹಾಗೆ ಸದ್ದು ಮಾಡಿ ನೀರು ಬರುತ್ತಿತ್ತು. ಊರಿಂದ ಬಂದವರಿಗೆಲ್ಲ ನಾನು ಅದನ್ನು ಎಳೆದು ತೋರಿಸುತ್ತಿದ್ದೆ. ಒಳಗೆ ಏನಿದೆ ಎಂದು ಮಾತ್ರ ಎಂದೂ ನೋಡಿರಲಿಲ್ಲ.

ನಾಗಪುರದ ಗಂಡಸರಿಗೆ ಒಂದು ಚಟವುಂಟು, ಖರ್ರಾ. ಅಡಿಕೆ, ತಂಬಾಕು, ಸುಣ್ಣ ಸೇರಿಸಿ, ಚೆನ್ನಾಗಿ ಉಜ್ಜಿ, ಸಣ್ಣ ಪ್ಲಾಸ್ಟಿಕ್ ಹಾಳೆಯಲ್ಲಿ ಪೊಟ್ಟಣ ಕಟ್ಟಿ ಕೊಡುತ್ತಾರೆ. ಅಜ್ಜನಿಗೂ ಆ ಚಟವಿತ್ತು. ಆ ವರ್ಷ ಅವರ ಕೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ ಕಂಡಿತು. ಡಾಕ್ಟರು ನೋಡಿ, ಇವತ್ತೇ ಬಿಟ್ಟರೆ ಬಾಯಿ ಉಳಿಯುತ್ತದೆ ಎಂದರು. ಅಜ್ಜ ಮನೆಗೆ ಬಂದವರೇ ನಿಮ್ಮ ಅಮ್ಮನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದರು. ಅವತ್ತೇ ಬಿಟ್ಟರು.

ಮೂರು ತಿಂಗಳ ನಂತರ, ಬೇಸಿಗೆಯಲ್ಲಿ, ಸಂಡಾಸಿನ ಬಿಳಿ ಪಿಂಗಾಣಿಯ ಮೇಲೆ ಕೆಂಪುಕಂದು ಗೆರೆಯೊಂದು ಕಂಡಿತು. ಇಟ್ಟಿಗೆ ಪುಡಿ ಹಾಕಿ ತಿಕ್ಕಿದೆ. ಹೋಯಿತು. ಮರುದಿನ ಮತ್ತೆ ಬಂತು. ಮತ್ತೆ ತಿಕ್ಕಿದೆ. ನಾಲ್ಕು ದಿನ ಕಾವಲು ಕಾದು ನೋಡಿದರೆ, ಬೆಳಗ್ಗೆ ಎಲ್ಲರಿಗಿಂತ ಮೊದಲು ಅಜ್ಜ ಒಳಗೆ ಹೋಗುತ್ತಾರೆ, ಅವರು ಹೊರಗೆ ಬಂದ ಮೇಲೆ ಕಲೆ ಇರುತ್ತದೆ. ನನ್ನ ಸರದಿಯಲ್ಲಿ ಇಲ್ಲ, ಮಗಳ ಸರದಿಯಲ್ಲಿ ಇಲ್ಲ. ಇನ್ನೇನು ಬೇಕು!

ಪಕ್ಕದ ಮನೆಯ ಮರಾಠಿ ಹೆಂಗಸನ್ನು, ನಾವೆಲ್ಲ ಕಾಕು ಎನ್ನುತ್ತಿದ್ದವರನ್ನು, ಕರೆದು ತೋರಿಸಿದೆ. ಆಕೆ ಸೊಂಟಕ್ಕೆ ಕೈಕೊಟ್ಟು ಬಗ್ಗಿ ನೋಡಿ ತೀರ್ಪು ಕೊಟ್ಟರು.

"ಖರ್ರಾ ಆಹೇ, ಬಾಯೀ! ನಮ್ಮವರೂ ಸಂಡಾಸದಾಗ ಕೂತೇ ತಿಂತಾರ. ಅಲ್ಲೇ ಥೂ, ಅಲ್ಲೇ ಪಾನೀ. ಪುರಾವೆ ಖತಂ!"

ಕಾಕುವಿಗೆ ನಮ್ಮ ಕನ್ನಡ ಅಷ್ಟಿಷ್ಟು ಬರುತ್ತಿತ್ತು. ದುರ್ದೈವ, ಅವತ್ತು ಪೂರ್ತಿ ಅರ್ಥವಾಗುವಷ್ಟು ಬಂತು.

ಅಂದಿನಿಂದ ನಾನು ಅಜ್ಜನ ಅಂಗಿಗಳನ್ನು ಮೂಸತೊಡಗಿದೆ. ಬೆವರು, ಕಾಗದ, ಬಸ್ಸಿನ ವಾಸನೆ ಬಿಟ್ಟರೆ ಬೇರೇನೂ ಸಿಗಲಿಲ್ಲ. ಐದನೆಯ ದಿನ ಒಗೆಯಲು ಹಾಕಿದ ಅಂಗಿಯ ಕಿಸೆಯಲ್ಲಿ ಸಿಕ್ಕಿತು! ಪ್ಲಾಸ್ಟಿಕ್ ಹಾಳೆಯ ಪುಟ್ಟ ಪೊಟ್ಟಣ, ರಬ್ಬರ್ ಬ್ಯಾಂಡು ಸುತ್ತಿದ್ದು, ಒಳಗೆ ಕಂದು ಬಣ್ಣದ ಪುಡಿ. ಮೂಸಿ ನೋಡುವಷ್ಟು ಧೈರ್ಯವೂ ಆಗಲಿಲ್ಲ. ಬೇರೆ ಎಲ್ಲವನ್ನೂ ಮೂಸಿದವಳು ಇದೊಂದನ್ನು ಮೂಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಬೇರೆ ಹೆಂಗಸಾಗಿದ್ದರೆ ಸಂಜೆ ಗಂಡನ ಮುಂದೆ ಪೊಟ್ಟಣ ಹಿಡಿದು, ಏನಿದು ಎಂದು ಕೇಳುತ್ತಿದ್ದಳು. ನನಗೆ ಅವರ ಎದುರು ದನಿ ಎತ್ತಿ ಗೊತ್ತಿರಲಿಲ್ಲ. ಆದ್ದರಿಂದ ಎರಡು ಕ್ರಮ ಕೈಗೊಂಡೆ. ಮಾತು ಬಿಟ್ಟೆ. ಗದಗದಲ್ಲಿದ್ದ ಅವರ ಅಕ್ಕ ಗಂಗಕ್ಕನಿಗೆ ಒಂದು ಇನ್‌ಲ್ಯಾಂಡ್ ಪತ್ರ ಬರೆದೆ. ಎದುರಿಗೆ ನಾಲ್ಕು ಶಬ್ದ ಹೇಳಲಾಗದವಳು ಮಡಚುವ ಅಂಚಿನಲ್ಲಿಯೂ ಜಾಗ ಬಿಡದಂತೆ ಬರೆದಿದ್ದೆ!

ನಾನು ಮಾತು ಬಿಟ್ಟದ್ದು ಅಜ್ಜನಿಗೆ ತಿಳಿಯದೆ ಇರಲಿಲ್ಲ. ದಿನವೂ ಊಟಕ್ಕೆ ಕೂತು, "ಸುಶೀ, ಸಾರು ಚಲೋ ಆಗೇತಿ" ಎನ್ನುವರು. ನಾನು ಗೋಡೆ ನೋಡುವೆ. ಉಪ್ಪೇ ಹಾಕದ ದಿನವೂ ಚಲೋ ಆಗೇತಿ ಎಂದರು.

ಪತ್ರ ಹಾಕಿದ ಎಂಟನೆಯ ದಿನ ಗಂಗಕ್ಕ ರೈಲಿನಿಂದ ಇಳಿದೇಬಿಟ್ಟರು. ಕೈಯಲ್ಲಿ ಚೀಲ, ಹಣೆಯ ಮೇಲೆ ಸಿಟ್ಟು. ಅವತ್ತು ಸಂಜೆ ಅಜ್ಜ ಕಚೇರಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆಯೇ ನಡುಮನೆಯಲ್ಲಿ ವಿಚಾರಣೆ ಆರಂಭವಾಯಿತು. ನಾನು, ನಿಮ್ಮ ಅಮ್ಮ, ಸಕ್ಕರೆ ಕೇಳುವ ನೆವದಿಂದ ಬಂದ ಕಾಕು, ಇಷ್ಟು ಜನ ಹಾಜರು.

"ವಸಂತಾ, ಬಾಯಿ ತೆಗಿ" ಎಂದರು ಗಂಗಕ್ಕ.

"ಯಾಕಕ್ಕಾ? ನೀ ಯಾವಾಗ ಬಂದಿ?"

"ತೆಗಿ ಅಂದ್ರ ತೆಗಿ!"

ಐವತ್ತು ವರ್ಷದ ಗಂಡಸು, ಕಚೇರಿಯ ಚೀಲ ಇನ್ನೂ ಹೆಗಲ ಮೇಲೆ, ನಮ್ಮೆಲ್ಲರ ಎದುರು "ಆ" ಎಂದು ಬಾಯಿ ತೆರೆದು ನಿಂತರು. ಗಂಗಕ್ಕ ಬ್ಯಾಟರಿ ಹಾಕಿ ಎಡ ಬಲ ನೋಡಿದರು.

"ಏನೂ ಕಾಣವಲ್ದು. ತೊಳಕೊಂಡು ಬಂದಾನ, ಕಳ್ಳ!"

ನಾನು ಸೆರಗಿನ ಗಂಟಿನಿಂದ ಪೊಟ್ಟಣ ಬಿಚ್ಚಿ ನೆಲದ ಮೇಲಿಟ್ಟೆ. ಅಜ್ಜನ ಮುಖ ಅರಳಿತು.

"ಅರೆ! ಇದನ್ನ ಎಂಟು ದಿನದಿಂದ ಹುಡುಕಾಕತ್ತೀನಿ!"

"ಕೇಳಿದಿರೇನ? ತಾನೇ ಒಪ್ಪಿಕೊಂಡ!" ಎಂದು ಗಂಗಕ್ಕ ಕೂಗಿದರು. ನಿಮ್ಮ ಅಮ್ಮ ಅಳಲು ಶುರುಮಾಡಿದಳು. ಆಣೆ ಇಟ್ಟದ್ದು ಅವಳ ತಲೆಯ ಮೇಲಲ್ಲವೇ.

ಆಗ ಅಜ್ಜನಿಗೆ ಎಲ್ಲವೂ ಅರ್ಥವಾಯಿತು. ಅವರು ಸಿಟ್ಟಾಗಲಿಲ್ಲ. ನನ್ನನ್ನು ಒಂದು ಗಳಿಗೆ ನೋಡಿದರು, ಅಷ್ಟೇ. ನಂತರ "ಬರ್ರಿ ಎಲ್ಲಾರೂ" ಎಂದು ಸ್ಟೂಲು ಎತ್ತಿಕೊಂಡು ಸಂಡಾಸಿಗೆ ನಡೆದರು. ಸ್ಟೂಲು ಹತ್ತಿ ಟ್ಯಾಂಕಿನ ಮುಚ್ಚಳ ತೆಗೆದರು. ಒಬ್ಬೊಬ್ಬರಾಗಿ ಹತ್ತಿ ಇಣುಕಿದೆವು. ಒಳಗಿನ ಗೋಡೆ ಪದರು ಪದರಾಗಿ ಎದ್ದಿತ್ತು. ತಳದಲ್ಲಿ ನಾಲ್ಕು ಬೆರಳು ದಪ್ಪ ಕೆಂಪು ರಾಡಿ.

"ಇದು ತುಕ್ಕು. ರಾತ್ರಿಯೆಲ್ಲಾ ನೀರು ನಿಂತು ಕೆಂಪಾಗ್ತೈತಿ. ಮುಂಜಾನೆ ಮೊದಲ ಯಾರು ಸರಪಳಿ ಎಳೀತಾರ, ಅವರ ಸರದಿಯೊಳಗ ಬೀಳ್ತೈತಿ. ಮೊದಲ ಎಳಿಯಾಂವ ನಾ" ಎಂದರು ಅಜ್ಜ.

"ಮತ್ತ ಪೊಟ್ಟಣ?" ಗಂಗಕ್ಕನ ದನಿ ಅರ್ಧಕ್ಕೆ ಇಳಿದಿತ್ತು.

"ಇದನ್ನs ಕೆರದು ಕಟ್ಟಿಕೊಂಡಿದ್ದೆ. ಇತವಾರಿ ಪ್ಯಾಟಿ ಒಳಗ ಕಬ್ಬಿಣ ಸಾಮಾನಿನ ಅಂಗಡ್ಯಾಂವಗ ತೋರಿಸಿ, ಏನ್ ಬಳೀಬೇಕು ಕೇಳೋಣಂತ. ಅಂಗಡಿ ಮುಂದ ನಿಂತು ಕಿಸೆಯೊಳಗ ಕೈ ಹಾಕಿದ್ರ ಪೊಟ್ಟಣನs ಇಲ್ಲ!" ಎಂದು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು. "ದಿನಾ ತಿಕ್ಕಿ ತಿಕ್ಕಿ ನಿನ್ನ ಕೈ ಸುಲದಿದ್ವು. ಅದಕ್ಕs ಮಾತು ಬಿಟ್ಟೀ ಅಂತ ತಿಳದಿದ್ದೆ."

ಕಾಕು ಸಕ್ಕರೆ ಒಯ್ಯುವುದನ್ನು ಮರೆತು ಹೋದರು.

ತಪ್ಪಾಯಿತು ಎಂದು ಆಗಲೇ ಒಂದು ಮಾತು ಹೇಳಬಹುದಿತ್ತು. ಆದರೆ ನಾನು ಮಾತಿನವಳಲ್ಲ, ಕೆಲಸದವಳು! ಮರುದಿನ ಅಜ್ಜ ಕಚೇರಿಗೆ ಹೋದ ಮೇಲೆ, ಟ್ಯಾಂಕನ್ನು ದೇವರ ತಂಬಿಗೆಯ ಹಾಗೆ ಥಳಥಳ ಮಾಡಿ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕೆಂದು ನಿಶ್ಚಯಿಸಿದೆ. ಹಿತ್ತಾಳೆ ತಾಮ್ರಕ್ಕೆ ಏನು ಹಾಕುತ್ತೇವೆ? ಹುಣಸೆಹಣ್ಣು, ಉಪ್ಪು. ವರ್ಷಕ್ಕಾಗುವಷ್ಟು ಹುಣಸೆಹಣ್ಣಿನಲ್ಲಿ ಅರ್ಧ ಡಬ್ಬಿ ಕಿವುಚಿ ಟ್ಯಾಂಕಿಗೆ ಸುರಿದೆ. ಸಂಜೆಯವರೆಗೆ ನೆನೆಯಲು ಬಿಟ್ಟೆ. ಆಮೇಲೆ ಸೆರಗು ಸಿಕ್ಕಿಸಿ, ಸ್ಟೂಲು ಹತ್ತಿ, ತೆಂಗಿನ ನಾರಿನಿಂದ ತಿಕ್ಕತೊಡಗಿದೆ. ಟ್ಯಾಂಕಿನ ಕೆಳಗೆ, ಕೊಳವೆ ಸೇರುವಲ್ಲಿ, ಲಿಂಬೆಹಣ್ಣಿನ ಗಾತ್ರದ ತುಕ್ಕಿನ ಗಡ್ಡೆಯೊಂದು ಅಂಟಿತ್ತು. ಸ್ಟೂಲಿನಿಂದ ಇಳಿದು, ಅದನ್ನು ಎರಡೂ ಕೈಯಿಂದ ಹಿಡಿದು ತಿರುವಿದೆ.

ಬಂತು! ಗಡ್ಡೆಯೂ ಬಂತು, ಕೊಳವೆಯೂ ಬಂತು, ಟ್ಯಾಂಕಿನ ನೀರೆಲ್ಲ ನನ್ನ ತಲೆಯ ಮೇಲೆ ಬಂತು! ಅದು ಖಾಲಿಯಾದರೂ ನಿಲ್ಲಲಿಲ್ಲ. ಮೇಲಿಂದ ಹೊಸ ನೀರು ಸುರಿಯುತ್ತಲೇ ಇತ್ತು. ಹುಣಸೆಹಣ್ಣು, ತುಕ್ಕು, ಉಪ್ಪು ಕೂಡಿದ ಆ ಪ್ರವಾಹ ಹೊಸ್ತಿಲು ದಾಟಿ ಪಡಸಾಲೆಗೆ ಹರಿಯಿತು. ಅಲ್ಲಿ ಗಂಗಕ್ಕ ಮಡಿ ಸೀರೆಯುಟ್ಟು ಜಪಕ್ಕೆ ಕೂತಿದ್ದರು.

"ಅಯ್ಯ ನನ್ನವ್ವಾ! ಇದೇನs ಇದು, ಸಾರು ಹರಕೊಂತ ಬಂತಲ್ಲಾ!"

"ಸಾರಲ್ಲ, ಅಕ್ಕಾ... ಸಂಡಾಸಿಂದು..." ಎಂದೆ. ಹೇಳಬಾರದಿತ್ತು. ಗಂಗಕ್ಕ ಅವತ್ತು ಮೂರು ಸಲ ಸ್ನಾನ ಮಾಡಿದರು.

ಬಕೆಟ್ಟು, ಪಾತೆಲೆ, ಹಳೆಯ ಸೀರೆ ಎಲ್ಲ ಹಿಡಿದು ನಾನೂ ಗಂಗಕ್ಕನೂ ನೀರಿನೊಡನೆ ಕಾದಾಡುತ್ತಿದ್ದಾಗ ಅಜ್ಜ ಬಂದರು. ಪ್ಯಾಂಟು ಮಡಚಿ ಒಳಗೆ ಬಂದು, ನನ್ನ ಕಿವಿಯ ಪಕ್ಕದಲ್ಲೇ ಗೋಡೆಗಿದ್ದ ಪುಟ್ಟ ನಳವನ್ನು ತಿರುವಿದರು. ನೀರು ನಿಂತಿತು. ನನ್ನ ಮುಷ್ಟಿಯಲ್ಲಿದ್ದ ಗಡ್ಡೆಯನ್ನು ಬಿಡಿಸಿ ನೋಡಿದರು.

"ಇದು ತುಕ್ಕಲ್ಲ, ಸುಶೀ. ನಟ್ಟು."

ಮುಂದಿನ ವಾರ ಹೊಸ ಪ್ಲಾಸ್ಟಿಕ್ ಟ್ಯಾಂಕು ಬಂತು. ಗಂಗಕ್ಕ ಊರಿಗೆ ಹೋದರು. ಆದರೆ ಒಂದು ಉಳಿದುಕೊಂಡಿತು. ಅಂದಿನಿಂದ ಅಜ್ಜ ಕಚೇರಿಯಿಂದ ಬಂದೊಡನೆ, ಚಹಾ ಮುಟ್ಟುವ ಮೊದಲು, ನನ್ನ ಮುಂದೆ ನಿಂತು "ಆ" ಎಂದು ಬಾಯಿ ತೆರೆದು ತೋರಿಸುವರು. ಚೇಷ್ಟೆಗೆ. ನಾನೂ ನಗುತ್ತಿದ್ದೆ. ನಿಮ್ಮ ಅಮ್ಮನ ಮದುವೆಯ ಆಲ್ಬಮ್ಮಿನಲ್ಲಿ ಅಜ್ಜ ಬಾಯಿ ತೆರೆದು ನಿಂತ ಫೋಟೊ ನೋಡಿ ನೀವು ನಗುತ್ತೀರಲ್ಲ, ಅದು ಫೋಟೊದವನ ತಪ್ಪಲ್ಲ. ಎದುರಿಗೆ ನಾನು ನಿಂತಿದ್ದೆ.

ವರ್ಷಗಟ್ಟಲೆ ತೋರಿಸಿದರು. ಸಾಕು ಮಾಡ್ರಿ, ನಾನು ನಿಮ್ಮನ್ನು ಕೇಳದೆ ತಪ್ಪು ಮಾಡಿದೆ ಎಂದು ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಲೇ ಇದ್ದೆ. ಅವರು ಹೋದದ್ದು ಎದೆನೋವಿನಿಂದ. ಬಾಯಿ ಕೊನೆಯವರೆಗೂ ಸ್ವಚ್ಛವಾಗಿತ್ತು. ಅದನ್ನು ನನಗಿಂತ ಚೆನ್ನಾಗಿ ಬಲ್ಲವರಿಲ್ಲ, ದಿನವೂ ನೋಡಿದ್ದೇನೆ.

ಈಗ ಪ್ರತಿ ಸೋಮವಾರ ನಾನು ಸ್ಟೂಲು ಹತ್ತಿ ಟ್ಯಾಂಕಿನ ಮುಚ್ಚಳ ತೆಗೆದು ತಪಾಸಣೆ ಮಾಡುತ್ತೇನೆ. ಬೀಳುತ್ತೀಯ ಎಂದು ನಿಮ್ಮ ಅಮ್ಮ ಬೈಯುತ್ತಾಳೆ. ಪ್ಲಾಸ್ಟಿಕ್ಕಿಗೆ ತುಕ್ಕು ಹಿಡಿಯುವುದಿಲ್ಲ ಎಂದು ನೀವೂ ಹೇಳುತ್ತೀರಿ. ಗೊತ್ತು. ಒಳಗೆ ತಿಳಿನೀರು ಬಿಟ್ಟು ಬೇರೇನೂ ಇರುವುದಿಲ್ಲ.

ಆದರೂ ಒಮ್ಮೆ ಮೂಸಿ ನೋಡಿಯೇ ಇಳಿಯುತ್ತೇನೆ!